ಶೇಲ್ ಅನಿಲ ಬಾವಿಗಳ ಉತ್ಪಾದನಾ ಮುನ್ನಂದಾಜು

ಶೇಲ್ ಅನಿಲ ಬಾವಿಗಳ ಉತ್ಪಾದನಾ ಮುನ್ನಂದಾಜು ಎಂದರೆ, ಶೇಲ್ ಎಂಬ ಬಿಗಿಯಾದ ಪದರಶಿಲೆಯಲ್ಲಿ ಕೊರೆದ ಬಾವಿಯು ತನ್ನ ಜೀವಿತಾವಧಿಯಲ್ಲಿ ಎಷ್ಟು ನೈಸರ್ಗಿಕ ಅನಿಲವನ್ನು ಕೊಡಬಲ್ಲದು ಎಂಬುದನ್ನು ಮೊದಲೇ ಲೆಕ್ಕಹಾಕುವ ಕ್ರಮ. ಶಿಲೆಯೊಳಗೆ ಅನಿಲವು ಚಲಿಸುವ ಭೌತನಿಯಮಗಳನ್ನು ಆಧರಿಸಿ ಈ ಲೆಕ್ಕವನ್ನು ಮಾಡಿದಾಗ ಅದನ್ನು ಭೌತಶಾಸ್ತ್ರಾಧಾರಿತ ಮಾದರಿ ಎನ್ನುತ್ತಾರೆ. ಹೂಡಿಕೆದಾರರ ನಿರ್ಧಾರ, ಭೂಮಾಲೀಕರಿಗೆ ಸಲ್ಲುವ ರಾಯಧನ ಹಾಗೂ ದೇಶದ ಇಂಧನ ನೀತಿ ಇಂತಹ ಅಂದಾಜುಗಳನ್ನು ಅವಲಂಬಿಸಿವೆ.

ಹಿನ್ನೆಲೆ

ಜೆ. ಜೆ. ಆರ್ಪ್ಸ್ 1945ರಲ್ಲಿ ಪ್ರಕಟಿಸಿದ ಸೂತ್ರವು ತೈಲೋದ್ಯಮದಲ್ಲಿ ದೀರ್ಘಕಾಲದಿಂದ ಬಳಕೆಯಲ್ಲಿದೆ. ಬಾವಿಯ ಈವರೆಗಿನ ಉತ್ಪಾದನೆಯ ಅಂಕಿಗಳಿಗೆ ಹೊಂದುವ ವಕ್ರರೇಖೆಯನ್ನು ಎಳೆದು, ಅದನ್ನೇ ಭವಿಷ್ಯಕ್ಕೆ ಮುಂದುವರಿಸುವುದು ಇದರ ವಿಧಾನ. ರೇಖೆಯ ಬಾಗುವಿಕೆಯನ್ನು 'ಬಿ' ಎಂಬ ಸಂಖ್ಯೆ ಸೂಚಿಸುತ್ತದೆ. ಸಾಂಪ್ರದಾಯಿಕ ಬಾವಿಗಳಲ್ಲಿ ಇದು ಸಾಮಾನ್ಯವಾಗಿ 0 ಮತ್ತು 1ರ ನಡುವೆ ಇರುತ್ತದೆ. ಶೇಲ್ ಬಾವಿಗಳ ಆರಂಭಿಕ ಅಂಕಿಗಳಿಗೆ ಸೂತ್ರವನ್ನು ಹೊಂದಿಸಿದರೆ ಅದು 2ರ ಸಮೀಪಕ್ಕೆ ಏರಬಹುದು. 'ಬಿ' 1 ಅಥವಾ ಅದಕ್ಕಿಂತ ಹೆಚ್ಚಾದಾಗ ಬಾವಿಯ ಒಟ್ಟು ಉತ್ಪಾದನೆಯು ಮಿತಿಯಿಲ್ಲದೆ ಬೆಳೆಯುತ್ತದೆಂದು ಸೂತ್ರ ಹೇಳುತ್ತದೆ, ಇದು ಅಸಾಧ್ಯ.

ಭೌತಿಕ ವಿವರಣೆ

ಶೇಲ್ ಪದರದಲ್ಲಿ ಬಾವಿಯನ್ನು ಅಡ್ಡಲಾಗಿ ಕೊರೆದು, ಅಧಿಕ ಒತ್ತಡದಲ್ಲಿ ನೀರು ಮತ್ತು ಮರಳನ್ನು ನುಗ್ಗಿಸಿ ಶಿಲೆಯಲ್ಲಿ ಬಿರುಕುಗಳನ್ನು ಉಂಟುಮಾಡಲಾಗುತ್ತದೆ. ಅನಿಲವು ಸಮೀಪದ ಬಿರುಕಿನೆಡೆಗೆ ನಿಧಾನವಾಗಿ ಸಾಗುತ್ತದೆ. ಪ್ರತಿ ಬಿರುಕಿನ ಎರಡೂ ಬದಿಗೆ ಒತ್ತಡ ಕುಸಿದ ವಲಯವೊಂದು ಹರಡುತ್ತದೆ. ಈ ಹಂತದಲ್ಲಿ ಉತ್ಪಾದನಾ ದರವು ಕಾಲದ ವರ್ಗಮೂಲಕ್ಕೆ ವಿಲೋಮವಾಗಿ ಇಳಿಯುತ್ತದೆ. ಅಂದರೆ ಒಂದನೆಯ ವರ್ಷದ ಕೊನೆಯಲ್ಲಿದ್ದ ದರವು ನಾಲ್ಕನೆಯ ವರ್ಷದ ಕೊನೆಗೆ ಅರ್ಧವಾಗುತ್ತದೆ. ಅಕ್ಕಪಕ್ಕದ ಬಿರುಕುಗಳ ವಲಯಗಳು ಪರಸ್ಪರ ಸಂಧಿಸಿದ ಬಳಿಕ ಒದಗಲು ಹೊಸ ಅನಿಲವಿರುವುದಿಲ್ಲ. ಆಗ ಇಳಿಕೆಯು ಘಾತೀಯವಾಗಿ ತೀವ್ರಗೊಳ್ಳುತ್ತದೆ. ಬಿರುಕುಗಳ ನಡುವಣ ಅಂತರ ಇಮ್ಮಡಿಯಾದರೆ ಈ ಸಂಧಿಕಾಲ ನಾಲ್ಕು ಪಟ್ಟಾಗುತ್ತದೆ.

ಬಾರ್ನೆಟ್ ಅಧ್ಯಯನ

ಅಮೆರಿಕದ ಟೆಕ್ಸಾಸ್ ರಾಜ್ಯದ ಫೋರ್ಟ್ ವರ್ತ್ ಪ್ರದೇಶದಲ್ಲಿರುವ ಬಾರ್ನೆಟ್ ಕ್ಷೇತ್ರದ 8,294 ಬಾವಿಗಳಿಗೆ ಟ್ಯಾಡ್ ಪಾಟ್ಜೆಕ್, ಫ್ರಾಂಕ್ ಮೇಲ್ ಹಾಗೂ ಮೈಕೆಲ್ ಮಾರ್ಡರ್ ಈ ಮಾದರಿಯನ್ನು ಅನ್ವಯಿಸಿ, 2013ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಅವುಗಳಲ್ಲಿ 2,057 ಬಾವಿಗಳು ಹತ್ತು ವರ್ಷಗಳೊಳಗೇ ಘಾತೀಯ ಇಳಿಕೆಯ ಹಂತವನ್ನು ಪ್ರವೇಶಿಸಿದ್ದವು. ಉಳಿದ 6,237 ಬಾವಿಗಳು ಇನ್ನೂ ಹೊಸವಾಗಿದ್ದವು. ಎಲ್ಲ ಬಾವಿಗಳಿಂದ ಅಂತಿಮವಾಗಿ ದೊರೆಯುವ ಅನಿಲವು 10ರಿಂದ 20 ಲಕ್ಷ ಕೋಟಿ ಘನ ಅಡಿಗಳೆಂದು ಅವರು ಅಂದಾಜಿಸಿದರು.

ಮಿತಿಗಳು

ಬಿರುಕುಗಳು ಸಮಾನಾಂತರವಾಗಿಯೂ ಸಮದೂರದಲ್ಲಿಯೂ ಇವೆಯೆಂದು ಮಾದರಿಯು ಭಾವಿಸುತ್ತದೆ. ವಾಸ್ತವದಲ್ಲಿ ಅವು ಅಷ್ಟು ಕ್ರಮಬದ್ಧವಾಗಿರುವುದಿಲ್ಲ. ಹೊಸ ಬಾವಿಯ ಅಂಕಿಗಳಿಂದ ಸಂಧಿಕಾಲವನ್ನು ನಿಖರವಾಗಿ ತಿಳಿಯಲಾಗದು. ಆದುದರಿಂದ ಅಂತಹ ಬಾವಿಗಳಿಗೆ ಒಂದೇ ಸಂಖ್ಯೆಯ ಬದಲು ಕನಿಷ್ಠ ಹಾಗೂ ಗರಿಷ್ಠ ಮಿತಿಗಳನ್ನು ಮಾತ್ರ ನೀಡಲಾಗುತ್ತದೆ.