ಸಾಮಾಜಿಕ ಜಾಲತಾಣಗಳ ಮೂಲಕ ವರ್ಷವಿಡೀ ದೇಣಿಗೆ ಸಂಗ್ರಹ

ಸ್ವಯಂಸೇವಾ ಸಂಸ್ಥೆಗಳು ಮತ್ತು ಸೇವಾ ಟ್ರಸ್ಟುಗಳು ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ಯೂಟ್ಯೂಬ್, ವಾಟ್ಸ್‌ಆ್ಯಪ್‌ಗಳ ನೆರವಿನಿಂದ ಹನ್ನೆರಡು ತಿಂಗಳೂ ವಂತಿಗೆ ಪಡೆಯುವ ಕ್ರಮ. ಒಂದು ಹಬ್ಬಕ್ಕೋ ಒಂದು ವಿಪತ್ತಿಗೋ ನಡೆಯುವ ಸಂಗ್ರಹಕ್ಕಿಂತ ಇದು ಬೇರೆ. ಅಲ್ಲಿ ಮುಖ್ಯ ಕೆಲಸ ಹಣ ಕೇಳುವುದು. ಇಲ್ಲಿ ಕೊಟ್ಟವರ ಜೊತೆ ನಂಟು ಉಳಿಸಿಕೊಳ್ಳುವುದು. ಜಾಲತಾಣ ಹೊಸದಾದರೂ ಪದ್ಧತಿ ಹೊಸದಲ್ಲ. ಮನೆಮನೆಯಲ್ಲಿ ದಿನಕ್ಕೊಂದು ಹಿಡಿ ಅಕ್ಕಿ ತೆಗೆದಿಟ್ಟು ಮಠಕ್ಕೋ ವಿದ್ಯಾರ್ಥಿ ನಿಲಯಕ್ಕೋ ಒಪ್ಪಿಸುತ್ತಿದ್ದ ಮುಷ್ಟಿಅಕ್ಕಿಯ ಲೆಕ್ಕಾಚಾರವೇ ಇದರ ಹಿಂದೆಯೂ ಇದೆ: ಕೊಡುವವನಿಗೆ ಭಾರವಾಗಬಾರದು, ಪಡೆಯುವವನಿಗೆ ಖಾತರಿ ಇರಬೇಕು.

ಜಾಲತಾಣದ ಬಲವೂ ಮಿತಿಯೂ ಒಟ್ಟಿಗೆ ಕಂಡದ್ದು 2014ರ ‘ಐಸ್ ಬಕೆಟ್ ಚಾಲೆಂಜ್’ನಲ್ಲಿ. ತಲೆಯ ಮೇಲೆ ಮಂಜುನೀರು ಸುರಿದುಕೊಳ್ಳುವ ವಿಡಿಯೊಗಳ ಅಲೆಯಲ್ಲಿ ಅಮೆರಿಕದ ಎಎಲ್‌ಎಸ್ ಅಸೋಸಿಯೇಷನ್‌ಗೆ ಕೆಲವೇ ವಾರಗಳಲ್ಲಿ ಸುಮಾರು 11.5 ಕೋಟಿ ಡಾಲರ್ ಹರಿದು ಬಂತು. ಎಎಲ್‌ಎಸ್ ಎಂಬ ನರಗಳ ಕಾಯಿಲೆಯ ಸಂಶೋಧನೆಗೆ ಅದು ನಿಜವಾಗಿಯೂ ನೆರವಾಯಿತು. ಆದರೆ ಮುಂದಿನ ವರ್ಷ ಅದೇ ಆಟ ಹೂಡಿದಾಗ ಜನ ಆ ಪ್ರಮಾಣದಲ್ಲಿ ಓಗೊಡಲಿಲ್ಲ. ಇದಕ್ಕೆ ಎದುರಾದ ಮಾದರಿ, ನ್ಯೂಯಾರ್ಕ್‌ನಲ್ಲಿ 2006ರಲ್ಲಿ ಆರಂಭವಾದ ‘ಚಾರಿಟಿ: ವಾಟರ್’ ಸಂಸ್ಥೆಯದು. ಹುಟ್ಟುಹಬ್ಬಕ್ಕೆ ಉಡುಗೊರೆ ಬೇಡ, ಕುಡಿಯುವ ನೀರಿನ ಯೋಜನೆಗೆ ಹಣ ಕೊಡಿ ಎಂದು ಗೆಳೆಯರನ್ನು ಕೇಳುವ ರೂಢಿಯನ್ನು ಅದು ಬೆಳೆಸಿತು. ಹುಟ್ಟುಹಬ್ಬ ವರ್ಷದ ಎಲ್ಲ ದಿನವೂ ಯಾರಿಗಾದರೂ ಇದ್ದೇ ಇರುತ್ತದೆ. ಉಪಾಯದ ಜಾಣತನ ಇರುವುದು ಅಲ್ಲಿ. ಕೆಲಸ ಮುಗಿದ ಊರಿನ ಚಿತ್ರ ಮತ್ತು ನಕ್ಷೆಯಲ್ಲಿನ ಜಾಗವನ್ನು ದಾನಿಗೆ ತಲುಪಿಸುವುದನ್ನೂ ಅದು ಶಿಸ್ತಾಗಿ ಮಾಡಿತು, 2016ರಲ್ಲಿ ಮಾಸಿಕ ದಾನಿಗಳ ಬಳಗವನ್ನೇ ಕಟ್ಟಿತು. ಫೇಸ್‌ಬುಕ್ ಹುಟ್ಟುಹಬ್ಬದ ದೇಣಿಗೆಗೆ ಸ್ವತಃ ಸೌಲಭ್ಯ ಒದಗಿಸಿದ್ದು 2017ರಲ್ಲಿ.

ಭಾರತದಲ್ಲಿ ದೇಣಿಗೆಯ ಪಂಚಾಂಗವನ್ನು ಬಹುಕಾಲ ಬರೆದದ್ದು ಆದಾಯ ತೆರಿಗೆ. ಮಾರ್ಚ್ 31ಕ್ಕೆ ಹಣಕಾಸು ವರ್ಷ ಮುಗಿಯುವುದರಿಂದ 1961ರ ಕಾಯ್ದೆಯ 80ಜಿ ಕಲಂನ ವಿನಾಯಿತಿಗಾಗಿ ಕೊಡುವವರು ಆ ತಿಂಗಳಲ್ಲೇ ಹೆಚ್ಚಿದ್ದರು. ಅಕ್ಟೋಬರ್ 2ರಿಂದ 8ರವರೆಗಿನ ‘ದಾನ್ ಉತ್ಸವ’ 2009ರಲ್ಲಿ ಶುರುವಾಗಿ ಇನ್ನೊಂದು ಋತುವನ್ನು ಸೇರಿಸಿತು. ನೆರೆ ಬಂದರೆ ಅದೇ ಮೂರನೆಯದು: 2018ರ ಆಗಸ್ಟ್‌ನಲ್ಲಿ ಕೊಡಗು, ಮರುವರ್ಷ ಬೆಳಗಾವಿ, ಬಾಗಲಕೋಟೆ ಕಡೆಯ ಪ್ರವಾಹಗಳಲ್ಲಿ ಸಹಾಯದ ಕರೆ ಮೊದಲು ಓಡಿದ್ದು ವಾಟ್ಸ್‌ಆ್ಯಪ್‌ನಲ್ಲಿ. ನೀರು ಇಳಿದ ಮೇಲೆ ಮನೆ ಕಟ್ಟುವ ಹೊತ್ತಿಗೆ ಆ ಸದ್ದು ತಗ್ಗಿರುತ್ತದೆ, ಖರ್ಚು ಮಾತ್ರ ಏರುತ್ತಿರುತ್ತದೆ. ಈಗ ಮಾರ್ಚ್ ತಿಂಗಳ ನಂಬಿಕೆಯೂ ಸಡಿಲವಾಗಿದೆ. 2023-24ರಿಂದ ಹೊಸ ತೆರಿಗೆ ಪದ್ಧತಿಯೇ ಸಹಜ ಆಯ್ಕೆಯಾಗಿದ್ದು, ಅದರಲ್ಲಿ ಈ ವಿನಾಯಿತಿ ಸಿಗುವುದಿಲ್ಲ. ತೆರಿಗೆ ಉಳಿಸಲು ಕೊಡುತ್ತಿದ್ದವರನ್ನು ಕೆಲಸದ ಮೇಲಿನ ಮಮತೆಯಿಂದ ಕೊಡುವವರನ್ನಾಗಿ ಮಾಡಿಕೊಳ್ಳದೆ ಸಂಸ್ಥೆಗಳಿಗೆ ಬೇರೆ ದಾರಿ ಉಳಿದಿಲ್ಲ.

ಸಣ್ಣ ಮೊತ್ತವನ್ನು ತಿಂಗಳು ತಿಂಗಳು ಪಡೆಯುವುದು ಸಾಧ್ಯವಾದದ್ದು ಪಾವತಿ ವ್ಯವಸ್ಥೆ ಬದಲಾದ್ದರಿಂದ. ಯುಪಿಐ 2016ರಲ್ಲಿ ಬಂತು. ಒಮ್ಮೆ ಒಪ್ಪಿಗೆ ಕೊಟ್ಟರೆ ನಿಗದಿತ ದಿನ ಹಣ ತಾನೇ ಕಡಿತವಾಗುವ ‘ಆಟೋಪೇ’ 2020ರಲ್ಲಿ ಸೇರಿತು. ರಿಸರ್ವ್ ಬ್ಯಾಂಕಿನ ನಿಯಮದಂತೆ 15,000 ರೂಪಾಯಿವರೆಗಿನ ಇಂಥ ಕಡಿತಕ್ಕೆ ಪ್ರತಿ ಸಲ ಪಿನ್ ಒತ್ತಬೇಕಿಲ್ಲ. ಆದರೆ ಕನಿಷ್ಠ 24 ಗಂಟೆ ಮೊದಲು ಗ್ರಾಹಕನಿಗೆ ಸೂಚನೆ ಹೋಗಲೇಬೇಕು, ಅವನು ಒಪ್ಪಿಗೆಯನ್ನು ಯಾವಾಗ ಬೇಕಾದರೂ ಹಿಂಪಡೆಯಬಹುದು. ಅಂದರೆ ದಾನಿ ಪ್ರತಿ ತಿಂಗಳೂ ‘ಇದು ಬೇಕೇ?’ ಎಂದು ತನ್ನನ್ನೇ ಕೇಳಿಕೊಳ್ಳುವ ಗಳಿಗೆಯೊಂದು ಬರುತ್ತದೆ. ಅದಕ್ಕೆ ಒಂದೆರಡು ದಿನ ಮುಂಚೆ ಕೆಲಸದ ವರದಿ ಅವನ ಕಣ್ಣಿಗೆ ಬೀಳುವಂತೆ ನೋಡಿಕೊಳ್ಳುವ ಸಂಸ್ಥೆಗೆ ಹೊಸ ದಾನಿಯನ್ನು ಹುಡುಕುವ ಶ್ರಮ ಅಷ್ಟರಮಟ್ಟಿಗೆ ಉಳಿಯುತ್ತದೆ.

ತಾಣಗಳ ಸ್ವಭಾವವೂ ಒಂದೇ ಅಲ್ಲ. ಇನ್‌ಸ್ಟಾಗ್ರಾಮ್‌ನ ರೀಲ್ಸ್, ಯೂಟ್ಯೂಬ್‌ನ ಕಿರು ವಿಡಿಯೊಗಳು ಅಪರಿಚಿತರ ಬಳಿಗೆ ಹೋಗುತ್ತವೆ. ಹಣ ಮಾತ್ರ ಹೆಚ್ಚಾಗಿ ಪರಿಚಿತರಿಂದಲೇ ಬರುತ್ತದೆ. ಹಾಗಾಗಿ ಊರಿನ ಸಣ್ಣ ಟ್ರಸ್ಟಿಗೆ ಲಕ್ಷ ಜನ ನೋಡಿದ ವಿಡಿಯೊಗಿಂತ ಹಳೆಯ ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗುಂಪು ಲಾಭದಾಯಕ. ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯ ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರನ್ನಷ್ಟೇ ಸೇರಿಸಬಹುದು, ಸಂಸ್ಥೆಯ ನಂಬರನ್ನು ಉಳಿಸಿಕೊಂಡವರಿಗಷ್ಟೇ ಅದು ತಲುಪುತ್ತದೆ. ಈ ಕಟ್ಟುಪಾಡು ಒಂದು ರೀತಿಯಲ್ಲಿ ಒಳ್ಳೆಯದೇ: ದಿನವೂ ಕೈಚಾಚುವವರ ನಂಬರನ್ನು ಯಾರು ಇಟ್ಟುಕೊಳ್ಳುತ್ತಾರೆ?

ಕ್ಯೂಆರ್ ಕೋಡನ್ನು ಪೋಸ್ಟರಿನಲ್ಲಿ ಅಚ್ಚು ಹಾಕಿ ಹಂಚುವುದು ಸುಲಭ, ಲೆಕ್ಕ ಇಡುವುದು ಕಷ್ಟ. ಹಾಗೆ ಬಂದ ಹಣದ ಜೊತೆ ಕೊಟ್ಟವರ ವಿಳಾಸವಾಗಲಿ ಪ್ಯಾನ್ ಸಂಖ್ಯೆಯಾಗಲಿ ಬರುವುದಿಲ್ಲ. 2021-22ರ ಹಣಕಾಸು ವರ್ಷದಿಂದ ದಾನಿಗಳ ವಿವರವನ್ನು ತೆರಿಗೆ ಇಲಾಖೆಗೆ ಸಲ್ಲಿಸಿ ಅವರಿಗೆ ಪ್ರಮಾಣಪತ್ರ ಕೊಡಬೇಕಾಗಿ ಬಂದಿದೆ. ಅದಿಲ್ಲದೆ ವಿನಾಯಿತಿ ಇಲ್ಲ. ಹೆಸರು-ವಿಳಾಸವಿಲ್ಲದ ದೇಣಿಗೆ ಒಟ್ಟು ದೇಣಿಗೆಯ ಶೇ 5 ಅಥವಾ 1 ಲಕ್ಷ ರೂಪಾಯಿ, ಇವೆರಡರಲ್ಲಿ ಹೆಚ್ಚಿನದನ್ನು ಮೀರಿದರೆ ಮೀರಿದ ಭಾಗಕ್ಕೆ ಶೇ 30 ತೆರಿಗೆಯನ್ನು 1961ರ ಕಾಯ್ದೆ ವಿಧಿಸಿತ್ತು. ಆದ್ದರಿಂದ ಅನುಭವಿ ಸಂಸ್ಥೆಗಳು ಜಾಲತಾಣದಿಂದ ನೇರ ಪಾವತಿಗೆ ಕರೆದೊಯ್ಯದೆ, ಮೊದಲು ವಿವರ ತುಂಬಿಸಿಕೊಳ್ಳುವ ಪುಟಕ್ಕೆ ಕರೆದೊಯ್ಯುತ್ತವೆ.

ವಿದೇಶದ ಹಣದ ವಿಷಯ ಇನ್ನೂ ಸೂಕ್ಷ್ಮ. ಒಂದು ಪೋಸ್ಟ್ ಬೆಂಗಳೂರಿನಲ್ಲೂ ಬೋಸ್ಟನ್‌ನಲ್ಲೂ ಒಂದೇ ಥರ ಕಾಣುತ್ತದೆ, ಕಾನೂನಿಗೆ ಹಾಗಲ್ಲ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಹೊರದೇಶದಲ್ಲಿ ನೆಲೆಸಿದ ಕನ್ನಡಿಗ ತನ್ನ ಉಳಿತಾಯದಿಂದ ಕೊಟ್ಟದ್ದು ವಿದೇಶಿ ವಂತಿಗೆಯಲ್ಲ. ಅಲ್ಲಿನ ಪೌರತ್ವ ಪಡೆದು ಒಸಿಐ ಕಾರ್ಡ್ ಹೊಂದಿದವನು ಕೊಟ್ಟದ್ದು ವಿದೇಶಿ ವಂತಿಗೆಯೇ. ಅದನ್ನು ಪಡೆಯಲು 2010ರ ವಿದೇಶಿ ವಂತಿಗೆ (ನಿಯಂತ್ರಣ) ಕಾಯ್ದೆಯಡಿ ನೋಂದಣಿ ಅಥವಾ ಪೂರ್ವಾನುಮತಿ ಬೇಕು. 2020ರ ತಿದ್ದುಪಡಿಯ ನಂತರ ಹಣ ಮೊದಲು ಬಂದು ಸೇರಬೇಕಾದದ್ದು ನವದೆಹಲಿಯಲ್ಲಿರುವ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಗೆ. ಆಡಳಿತ ವೆಚ್ಚದ ಮಿತಿಯೂ ಶೇ 50ರಿಂದ 20ಕ್ಕೆ ಇಳಿಯಿತು.

ಚಿತ್ರಗಳ ಬಳಕೆ ಈ ಕ್ಷೇತ್ರದ ಹಳೆಯ ಜಗಳ. ಅಳುವ ಮಗುವಿನ ಮುಖ ತೋರಿಸಿದರೆ ಹಣ ಬೇಗ ಬರುತ್ತದೆ ಎಂಬುದು ಸುಳ್ಳಲ್ಲ, ಆದರೆ ವರ್ಷವಿಡೀ ಅದನ್ನೇ ತೋರಿಸಿದರೆ ನೋಡುವವರು ಮುಖ ತಿರುಗಿಸುತ್ತಾರೆ. ಮಕ್ಕಳ ಪಾಲನಾ ಗೃಹಗಳಿಗಂತೂ ಇದು ಬರೀ ಅಭಿರುಚಿಯ ಪ್ರಶ್ನೆಯಲ್ಲ. ಪಾಲನೆ, ರಕ್ಷಣೆ ಬೇಕಾದ ಮಗುವಿನ ಹೆಸರು, ಶಾಲೆ, ಚಿತ್ರ ಪ್ರಕಟಿಸಿ ಗುರುತು ಬಿಟ್ಟುಕೊಡುವುದನ್ನು 2015ರ ಬಾಲ ನ್ಯಾಯ ಕಾಯ್ದೆಯ 74ನೇ ಕಲಂ ನಿಷೇಧಿಸುತ್ತದೆ. ತಪ್ಪಿದರೆ ಆರು ತಿಂಗಳವರೆಗೆ ಸೆರೆವಾಸ, 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಹೀಗಾಗಿ ಎಚ್ಚರದ ಸಂಸ್ಥೆಗಳು ಮಕ್ಕಳ ಮುಖಕ್ಕೆ ಬದಲಾಗಿ ಅವರು ಬಿಡಿಸಿದ ಚಿತ್ರ, ಅಡುಗೆಮನೆಯ ಕೆಲಸ, ಹೊಸದಾಗಿ ಹಾಕಿಸಿದ ಬೋರ್‌ವೆಲ್, ಆ ತಿಂಗಳ ದಿನಸಿ ಬಿಲ್ ತೋರಿಸುತ್ತವೆ. ದಿನಸಿ ಬಿಲ್ಲಿಗೆ ಲೈಕುಗಳು ಕಡಿಮೆ. ಮಾಸಿಕ ದಾನಿಗಳು ಓದುವುದು ಮಾತ್ರ ಅದನ್ನೇ.