ಸಾವಿರದ ಲೆಕ್ಕ

ಮೈಸೂರಿನಿಂದ ಹೊರಟವರ ಚೀಲದಲ್ಲಿ ಏನಿರುತ್ತದೆಂಬುದು ಹೊರಊರಿನ ನೆಂಟರಿಗೆ ಮೊದಲೇ ಗೊತ್ತು. ಒಂದಿಷ್ಟು ಮೈಸೂರುಪಾಕು, ನಾಲ್ಕು ಸ್ಯಾಂಡಲ್ ಸೋಪು, ಎರಡು ಕಟ್ಟು ಊದಿನಕಡ್ಡಿ. ನಮ್ಮೂರಿನ ಮಲ್ಲಿಗೆ, ವೀಳ್ಯದೆಲೆಗಳಿಗೂ ಹೆಸರಿದೆಯಾದರೂ ಅವು ದಾರಿಯಲ್ಲೇ ಬಾಡಿಬಿಡುತ್ತವೆ. ಊದಿನಕಡ್ಡಿಗೆ ಆ ಭಯವಿಲ್ಲ. ಹಚ್ಚಿದವರು ಕಣ್ಣುಮುಚ್ಚಿ ‘ಆಹಾ, ಮೈಸೂರು!’ ಎನ್ನುತ್ತಾರೆ. ಇದನ್ನು ಮಾಡಿದವರು ಯಾರು ಎಂದು ಯಾರೂ ಕೇಳುವುದಿಲ್ಲ. ಕೇಳಿದರೂ ಯಾವುದೋ ಕಾರ್ಖಾನೆ ಇರಬೇಕು ಎಂದು ತಾವೇ ಉತ್ತರಿಸಿಕೊಳ್ಳುತ್ತಾರೆ. ಕಾರ್ಖಾನೆಯೇನೋ ಹೌದು. ಆದರೆ ನನ್ನ ಬಾಲ್ಯದಲ್ಲಿ ಅದು ನಮ್ಮ ನಡುಮನೆಯಲ್ಲಿತ್ತು.

ಮೈಸೂರಿನ ಪರಿಮಳಕ್ಕೆ ಒಂದು ದೊಡ್ಡ ಇತಿಹಾಸವಿದೆ. 1792ರಲ್ಲಿ ಟಿಪ್ಪು ಸುಲ್ತಾನ್ ಗಂಧದ ಮರವನ್ನು ರಾಜವೃಕ್ಷವೆಂದು ಸಾರಿದ. ರೈತನ ಹೊಲದಲ್ಲಿ ಬೆಳೆದರೂ ಅದು ಸರ್ಕಾರದ ಸೊತ್ತಾಗಿತ್ತು. ನಮ್ಮ ಗಂಧ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. ಮೊದಲನೆಯ ಮಹಾಯುದ್ಧ ಬಂದು ಆ ದಾರಿ ಮುಚ್ಚಿದಾಗ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ ಬೆಂಗಳೂರಿನಲ್ಲೂ 1917ರಲ್ಲಿ ಮೈಸೂರಿನಲ್ಲೂ ಗಂಧದೆಣ್ಣೆಯ ಕಾರ್ಖಾನೆಗಳು ಆರಂಭವಾದವು. 1948ರಲ್ಲಿ ಎನ್. ರಂಗರಾವ್ ಅವರು ಮೈಸೂರಿನಲ್ಲಿ ಶುರುಮಾಡಿದ ಉದ್ಯಮದ ‘ಸೈಕಲ್’ ಊದುಬತ್ತಿ ಇಂದು ದೇಶವಿದೇಶಗಳಲ್ಲಿ ಮಾರಾಟವಾಗುತ್ತಿದೆ. 2005-06ನೇ ಸಾಲಿನಲ್ಲಿ ‘ಮೈಸೂರು ಅಗರಬತ್ತಿ’ಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿತು. ಇವೆಲ್ಲ ಪುಸ್ತಕ, ಪತ್ರಿಕೆಗಳಲ್ಲಿ ಓದಲು ಸಿಗುತ್ತವೆ. ಆದರೆ ಆ ಕಡ್ಡಿಗಳನ್ನು ಕೂತು ಹೊಸೆದ ಹೆಂಗಸರ ಮನೆಗಳಲ್ಲಿ ಅನ್ನ ಯಾವಾಗ ಬೇಯುತ್ತಿತ್ತು, ಮಕ್ಕಳು ಎಲ್ಲಿ ಮಲಗುತ್ತಿದ್ದರು ಎಂಬುದು ಎಲ್ಲೂ ಬರೆದಿಲ್ಲ. ನನಗೆ ಗೊತ್ತಿರುವಷ್ಟನ್ನು ಇಲ್ಲಿ ಬರೆಯುತ್ತೇನೆ.

ನಮ್ಮದು ಲಷ್ಕರ್ ಮೊಹಲ್ಲಾದ ಒಂದು ವಠಾರ. ಒಂದು ನಡುಮನೆ, ಒಂದು ಅಡುಗೆಮನೆ, ಆರು ಸಂಸಾರಕ್ಕೂ ಸೇರಿ ಒಂದೇ ಬಚ್ಚಲು. ಅಪ್ಪ ಒಂದು ಪ್ರೆಸ್ಸಿನಲ್ಲಿ ಮೊಳೆ ಜೋಡಿಸುತ್ತಿದ್ದರು. ಅವರ ಸಂಬಳ ಬಾಡಿಗೆಗೂ ಅಕ್ಕಿಗೂ ಸರಿಹೋಗುತ್ತಿತ್ತು. ಮೂರನೆಯ ಮಗು ಹುಟ್ಟಿದ ಮೇಲೆ ಹಾಲಿನ ಲೆಕ್ಕ ತಪ್ಪತೊಡಗಿ, 1969ರಲ್ಲಿ ಅಮ್ಮ ಊದಿನಕಡ್ಡಿ ಹೊಸೆಯಲು ಕೂತಳು. ಹೊಸಲು ದಾಟದೆ ನಾಲ್ಕು ಕಾಸು ಸಂಪಾದಿಸಬಹುದೆಂದು ಅಜ್ಜಿಯೂ ಒಪ್ಪಿದರು. ಆ ಕಾಲದ ಮರ್ಯಾದಸ್ಥ ಬಡಮನೆಗಳಿಗೆ ಈ ಕೆಲಸ ಹಿಡಿಸಿದ್ದೇ ಈ ಕಾರಣಕ್ಕೆ.

ಕೆಲಸ ನೋಡಲು ಸುಲಭ. ಮಂಡಿಯವರು ಬಿದಿರು ಕಡ್ಡಿ, ಇದ್ದಲು ಪುಡಿ, ಜಿಗಟು ಪುಡಿಗಳನ್ನು ತೂಕಮಾಡಿ ಕೊಡುತ್ತಿದ್ದರು. ಕಡ್ಡಿ ತ್ರಿಪುರಾ ಕಡೆಯ ಬಿದಿರಿನದು; ಜಿಗಟು ನಮ್ಮ ಘಟ್ಟದ ಕಾಡುಗಳ ಗುಳಮಾವಿನಂಥ ಮರಗಳ ತೊಗಟೆಯದು. ಪುಡಿಗಳನ್ನು ನೀರು ಹಾಕಿ ಚಪಾತಿ ಹಿಟ್ಟಿನಂತೆ ನಾದಬೇಕು. ಇಳಿಜಾರು ಮಣೆಯ ಮೇಲೆ ಕಡ್ಡಿ ಇಟ್ಟು, ಚಿಟಿಕೆ ಹಿಟ್ಟು ತಾಗಿಸಿ, ಅಂಗೈಯಿಂದ ಒಂದೇ ಸಲ ಮುಂದಕ್ಕೆ ಉರುಳಿಸಬೇಕು. ಬುಡದಲ್ಲಿ ಒಂದಂಗುಲ ಬರಿಗಡ್ಡಿ ಉಳಿಯಬೇಕು. ಹಿಟ್ಟು ದಪ್ಪವಾದರೆ ತೂಕ ತಪ್ಪುತ್ತದೆ, ತೆಳುವಾದರೆ ಕಡ್ಡಿ ನಡುವೆಯೇ ಆರಿಹೋಗುತ್ತದೆ. ಅಮ್ಮ ಇಡೀ ದಿನ ಕೂತರೆ ಮೂರು ಸಾವಿರ ಹೊಸೆಯುತ್ತಿದ್ದಳು. ಕೂಲಿ ಸಾವಿರದ ಲೆಕ್ಕದಲ್ಲಿ.

ಇಡೀ ದಿನ ಎಂದೆ. ಆದರೆ ಸಂಸಾರಸ್ಥೆಗೆ ಇಡೀ ದಿನ ಎಲ್ಲಿಂದ ಬರಬೇಕು? ಬೆಳಗ್ಗೆ ನಲ್ಲಿ ನೀರು ಬರುವ ಮುಂಚೆ ಐನೂರು, ನಾವು ಸ್ಕೂಲಿಗೆ ಹೋದ ಮೇಲೆ ಒಂದು ಸಾವಿರ, ಊಟದ ಪಾತ್ರೆ ತೊಳೆದು ಇನ್ನೊಂದು ಸಾವಿರ, ರಾತ್ರಿ ಎಲ್ಲರೂ ಮಲಗಿದ ಮೇಲೆ ದೀಪದ ಬುಡದಲ್ಲಿ ಉಳಿದ ಐನೂರು. ನಡುವೆ ಮಗು ಅತ್ತರೆ ಕರಿಗೈಯಲ್ಲಿ ಎತ್ತಿಕೊಳ್ಳುವಂತಿಲ್ಲ. ಮೊಣಕೈಯಲ್ಲೇ ತೊಟ್ಟಿಲು ತೂಗುತ್ತಿದ್ದಳು. ಅಡುಗೆಗೆ ಏಳುವ ಮುಂಚೆ ಹುಣಸೆಹಣ್ಣು ಹಾಕಿ ಕೈ ಉಜ್ಜುತ್ತಿದ್ದಳು. ಆದರೂ ಉಗುರಿನ ಸಂದಿಯ ಕಪ್ಪು ಹೋಗುತ್ತಿರಲಿಲ್ಲ. ಗೌರಿಹಬ್ಬದ ದಿನ ಬಾಗಿನ ಕೊಡುವಾಗ ಸೆರಗಿನಲ್ಲಿ ಬೆರಳು ಮರೆಸಿಕೊಳ್ಳುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ.

ಹೊರಗಿನವರಿಗೆ ತಿಳಿಯದ ಒಂದು ಸಂಗತಿಯಿದೆ. ಹೊಸೆದ ಹಸಿ ಕಡ್ಡಿಗೆ ಪರಿಮಳವೇ ಇರುವುದಿಲ್ಲ. ಅದು ಬರಿ ಇದ್ದಲಿನ ಕಡ್ಡಿ. ಪರಿಮಳ ಸೇರುವುದು ಆಮೇಲೆ, ಮಂಡಿಯಲ್ಲಿ. ಗಂಧದ ಊರೆಂದು ಹೆಸರಾದ ಊರಿನಲ್ಲಿ ಸಾವಿರಾರು ಹೆಂಗಸರು ದಿನವಿಡೀ ಉಸಿರಾಡಿದ್ದು ಇದ್ದಲಿನ ದೂಳನ್ನು.

ಒಂದು ಮಂಡಿಗೆ ಅಮ್ಮ ಆರು ವರ್ಷ ಕಡ್ಡಿ ಕೊಟ್ಟಳು. ಅಲ್ಲಿನ ಲೆಕ್ಕ ಯಾವಾಗಲೂ ಒಂದು ಕಡೆಗೇ ವಾಲುತ್ತಿತ್ತು. ಸಾವಿರಕ್ಕೆ ಇಪ್ಪತ್ತೋ ಮೂವತ್ತೋ ‘ಡ್ಯಾಮೇಜು’ ಎಂದು ತೆಗೆದಿಟ್ಟು ಅಷ್ಟಕ್ಕೆ ಕೂಲಿ ಹಿಡಿಯುತ್ತಿದ್ದರು. ಆದರೆ ಆ ಕಡ್ಡಿಗಳನ್ನು ವಾಪಸು ಕೊಡುತ್ತಿರಲಿಲ್ಲ. ಒಂದು ಶನಿವಾರ ಅಮ್ಮ ಕೇಳಿಯೇಬಿಟ್ಟಳು. “ಕೆಟ್ಟ ಕಡ್ಡಿ ನಿಮಗ್ಯಾಕೆ ಸ್ವಾಮಿ? ಕೊಡಿ, ನಮ್ಮನೆ ದೇವರಿಗೆ ಹಚ್ಕೋತೀವಿ.” ಗುಮಾಸ್ತ ನಕ್ಕು, “ಹೋಗಮ್ಮ, ಮನೇಲಿ ಕೂತ್ಕೊಂಡು ಮಾಡೋ ಕೆಲಸಕ್ಕೆ ಇಷ್ಟು ಸಿಕ್ಕೋದೇ ಹೆಚ್ಚು” ಎಂದ.

ಅಮ್ಮ ಮನೆಗೆ ಬಂದು ಅಪ್ಪನ ಹತ್ತಿರ ಹೇಳಿದ್ದು ಒಂದೇ ಮಾತು. “ರೀ, ಸೆಂಟು ನಾವೇ ಹಾಕೋಣ.”

ದೇವರಾಜ ಮಾರುಕಟ್ಟೆಯಲ್ಲಿ ಅತ್ತರು, ಎಣ್ಣೆ, ಊದಿನಕಡ್ಡಿ ಮಾರುವ ಅಂಗಡಿಗಳ ಸಾಲೇ ಇದೆ. ಅಲ್ಲಿನ ಒಬ್ಬ ಮುದುಕರು ವಾಸನೆಯಿಲ್ಲದ ಬಿಳಿ ಎಣ್ಣೆಗೆ ಎಷ್ಟು ಸೆಂಟು ಬೆರೆಸಬೇಕೆಂದು ಚಮಚೆಯ ಲೆಕ್ಕದಲ್ಲಿ ಹೇಳಿಕೊಟ್ಟರು. ಅಮ್ಮ ತನ್ನ ಒಂದು ಜೊತೆ ಓಲೆ ಅಡವಿಟ್ಟು ಸಾಮಾನು ತಂದಳು. 1975ರ ದಸರಾ ಹೊತ್ತಿಗೆ ಕಡ್ಡಿ ಹೊಸೆದು, ಒಣಗಿಸಿ, ಕಟ್ಟುಕಟ್ಟಾಗಿ ಸೆಂಟಿನಲ್ಲಿ ಅದ್ದಿ, ಬಸಿದು, ನೆರಳಲ್ಲಿ ಮತ್ತೆ ಒಣಗಿಸಿ ಪೊಟ್ಟಣ ಕಟ್ಟುವ ಇಡೀ ವ್ಯವಹಾರ ನಮ್ಮ ನಡುಮನೆಗೆ ಬಂತು. ಪೊಟ್ಟಣಕ್ಕೆ ಅಪ್ಪ ಪ್ರೆಸ್ಸಿನಲ್ಲಿ ಉಳಿದ ಬಣ್ಣದ ಕಾಗದ ತರುತ್ತಿದ್ದರು. ಸಂಜೆ ಸೈಕಲ್ಲಿನ ಹಿಂದೆ ಚೀಲ ಕಟ್ಟಿಕೊಂಡು ಪೂಜಾಸಾಮಾನಿನ ಅಂಗಡಿಗಳಿಗೆ ಹಾಕಿಬರುತ್ತಿದ್ದರು. ನಾನೂ ತಮ್ಮಂದಿರೂ ಮಗ್ಗಿ ಹೇಳಿಕೊಂಡೇ ಹನ್ನೆರಡು ಹನ್ನೆರಡು ಎಣಿಸುತ್ತಿದ್ದೆವು. ಹನ್ನೆರಡರ ಮಗ್ಗಿ ನಮ್ಮ ಮನೆಯಲ್ಲಿ ಯಾರಿಗೂ ತಪ್ಪುತ್ತಿರಲಿಲ್ಲ.

ಅಲ್ಲಿಂದ ಮನೆಯಲ್ಲಿ ಹೊಸ ಪಾಡು ಶುರುವಾಯಿತು. ಅಕ್ಕಿ ಡಬ್ಬದಲ್ಲಿ ಮಲ್ಲಿಗೆ, ಕಾಫಿಪುಡಿಯಲ್ಲಿ ಕೇದಿಗೆ, ಅಪ್ಪನ ಅಂಗಿಯಲ್ಲಿ ಎಲ್ಲ ಹೂವೂ ಒಟ್ಟಿಗೆ. ಹುಳಿಯನ್ನು ಬಾಯಿಗಿಟ್ಟು ಅಜ್ಜಿ, “ಇದು ಊಟವೋ ಮಂಗಳಾರತಿಯೋ?” ಎನ್ನುತ್ತಿದ್ದರು. ಕ್ಲಾಸಿನ ಹುಡುಗಿಯರು ನನ್ನನ್ನು ‘ದೇವಸ್ಥಾನ’ ಎಂದು ಕರೆಯುತ್ತಿದ್ದರು. ಎಲ್ಲಕ್ಕಿಂತ ಕಷ್ಟ ಆಷಾಢದ್ದು. ಆಷಾಢ ಶುಕ್ರವಾರಗಳಲ್ಲಿ ಚಾಮುಂಡಿಬೆಟ್ಟಕ್ಕೆ ಜನಸಾಗರ ಹರಿಯುತ್ತದೆ. ಅಂಗಡಿಯವರು ತಂದಷ್ಟೂ ಕೊಳ್ಳುತ್ತಾರೆ. ಆದರೆ ಅದೇ ತಿಂಗಳು ಜಡಿಮಳೆ. ಕಡ್ಡಿ ಒಣಗದಿದ್ದರೆ ಬೂಷ್ಟು ಹಿಡಿಯುತ್ತದೆ. ಒಲೆಯ ಸುತ್ತ ಮೊರ, ಮಂಚದ ಕೆಳಗೆ ತಟ್ಟೆ, ಪುಸ್ತಕದ ಗೂಡಿನಲ್ಲೂ ಕಡ್ಡಿ. ನಾವು ಮಲಗಲು ಪಕ್ಕದ ಮನೆಗೆ ಹೋಗುತ್ತಿದ್ದೆವು.

ಪಕ್ಕದ ಮನೆಯಲ್ಲಿ ಆಪಾ ಇದ್ದರು. ಅಮ್ಮ ಅವರನ್ನು ‘ಆಪಾ’ ಎಂದೂ ಅವರು ಅಮ್ಮನನ್ನು ‘ಅಕ್ಕ’ ಎಂದೂ ಕರೆಯುತ್ತಿದ್ದರು. ಇಬ್ಬರಲ್ಲಿ ಯಾರು ದೊಡ್ಡವರೋ ಕೊನೆಯವರೆಗೂ ತೀರ್ಮಾನವಾಗಲಿಲ್ಲ. ಆಪಾ ಬೀಡಿ ಕಟ್ಟುತ್ತಿದ್ದರು. ಅದೂ ಸಾವಿರದ ಲೆಕ್ಕದ ಕೆಲಸವೇ, ಅದೇ ಬೆನ್ನುನೋವು, ಅದೇ ಕೆಮ್ಮು. ಆದರೆ ಬೀಡಿಯವರಿಗೆ 1966ರಲ್ಲಿ ಒಂದು ಕಾಯ್ದೆ ಬಂದಿತ್ತು, 1976ರಲ್ಲಿ ಕಲ್ಯಾಣ ನಿಧಿಯೂ ಬಂತು. ಮನೆಯಲ್ಲಿ ಕೂತು ಕಟ್ಟುವವಳೂ ಕಾಯ್ದೆಯ ಕಣ್ಣಿಗೆ ಕೆಲಸಗಾರ್ತಿಯೇ. ಆಪಾಗೆ ಗುರುತಿನ ಚೀಟಿ ಸಿಕ್ಕಿತು. ಅವರ ಮಗಳಿಗೆ ವಿದ್ಯಾರ್ಥಿವೇತನ ಬಂದ ದಿನ ವಠಾರಕ್ಕೆಲ್ಲ ಸಕ್ಕರೆ ಹಂಚಿದರು. ಬೀಡಿ ಕೆಲಸಗಾರರಿಗೆಂದೇ ಒಂದು ಆಸ್ಪತ್ರೆಯೂ ಮೈಸೂರಿಗೆ ಬಂತು. ದೇವರಿಗೆ ಹಚ್ಚುವ ಕಡ್ಡಿ ಹೊಸೆಯುವವರಿಗೆ ಅಂಥ ಪ್ರತ್ಯೇಕ ಕಾಯ್ದೆಯಾಗಲೀ ನಿಧಿಯಾಗಲೀ ಬರಲಿಲ್ಲ. ಅಮ್ಮ ಸಕ್ಕರೆ ಬಾಯಿಗೆ ಹಾಕಿಕೊಂಡು, “ನಮ್ಮ ಕಡ್ಡಿಗೂ ಒಂದು ಚೀಟಿ ಕೊಟ್ಟಿದ್ರೆ ಆಗ್ತಿತ್ತು” ಎಂದಳು. ಹೊಟ್ಟೆಕಿಚ್ಚಿನ ಮಾತಲ್ಲ ಅದು. ತನ್ನ ಕೆಲಸವನ್ನೂ ಯಾರಾದರೂ ಕೆಲಸವೆಂದು ಬರೆದುಕೊಳ್ಳಲಿ ಎಂಬ ಆಸೆ.

ನಮ್ಮ ವ್ಯಾಪಾರ ಬೆಳೆದು ದೊಡ್ಡದಾಗಲಿಲ್ಲ. ಯಾಕೆ ಆಗಲಿಲ್ಲ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. 1959ರಲ್ಲಿ ಮುಂಬಯಿಯ ಗಿರಗಾಂವಿನಲ್ಲಿ ಏಳು ಜನ ಹೆಂಗಸರು 80 ರೂಪಾಯಿ ಸಾಲ ತೆಗೆದು ಮಹಡಿಯ ಮೇಲೆ ಹಪ್ಪಳ ಲಟ್ಟಿಸತೊಡಗಿದರು. ಅದೇ ಇಂದಿನ ಲಿಜ್ಜತ್. ಅಲ್ಲಿ ಹಪ್ಪಳ ಮಾಡುವವರೇ ಒಡತಿಯರು. ಲಾಭವೂ ನಷ್ಟವೂ ಎಲ್ಲರಿಗೂ ಹಂಚಿಕೆ. ನಮ್ಮ ವಠಾರದಲ್ಲೂ ಕೈಗಳಿಗೆ ಕೊರತೆಯಿರಲಿಲ್ಲ. ಆದರೆ ಒಬ್ಬೊಬ್ಬರೂ ಅವರವರ ಬಾಗಿಲು ಹಾಕಿಕೊಂಡು ಹೊಸೆಯುತ್ತಿದ್ದರು, ಒಬ್ಬೊಬ್ಬರೇ ಮಂಡಿಗೆ ಹೋಗಿ ಕೊಟ್ಟದ್ದನ್ನು ಸೆರಗಿಗೆ ಗಂಟುಹಾಕಿಕೊಂಡು ಬರುತ್ತಿದ್ದರು. ಮನೆಯಲ್ಲೇ ಕೂತು ಮಾಡಬಹುದೆಂಬ ಅನುಕೂಲವೇ ನಾಲ್ಕು ಜನ ಒಟ್ಟಿಗೆ ಕೂತು ಮಾತಾಡದಂತೆ ಮಾಡಿತ್ತೇನೋ. ಅಮ್ಮ ಮಂಡಿಯಿಂದ ಬಿಡಿಸಿಕೊಂಡಳು, ಆದರೆ ಒಂಟಿಯಾಗಿ. ಹಾಗಾಗಿ ಅವಳ ವ್ಯಾಪಾರ ಅಪ್ಪನ ಸೈಕಲ್ಲು ಹೋಗುವಷ್ಟು ದೂರಕ್ಕೇ ನಿಂತಿತು.

ಅಷ್ಟಾದರೂ ಅದು ಮಾಡಿದ್ದೇನು ಕಡಿಮೆಯೆ? ಓಲೆ ಎರಡೇ ವರ್ಷಕ್ಕೆ ಕಿವಿಗೆ ವಾಪಸು ಬಂತು. ನನ್ನ ಬಿ.ಎ. ಫೀಜು, ತಮ್ಮಂದಿರ ಐ.ಟಿ.ಐ., ಅಜ್ಜಿಯ ಕಣ್ಣಿನ ಆಪರೇಷನ್, ಎಲ್ಲ ಆ ಕಡ್ಡಿಗಳಿಂದಲೇ ಆಯಿತು. ಅಪ್ಪನ ಪ್ರೆಸ್ಸಿಗೆ ಕಂಪ್ಯೂಟರು ಬಂದು ಮೊಳೆ ಜೋಡಿಸುವವರು ಬೇಡವಾದಾಗ, ಮನೆ ನಡೆದದ್ದೂ ಅದರಿಂದಲೇ. ಆಗ ಅಪ್ಪ ಸದ್ದಿಲ್ಲದೆ ಅಮ್ಮನ ಎದುರು ಇನ್ನೊಂದು ಮಣೆ ಹಾಕಿಕೊಂಡು ಕೂತರು. ಮೊದಲ ದಿನ ನೂರು ಕಡ್ಡಿಯೂ ನೆಟ್ಟಗೆ ಬರಲಿಲ್ಲ. ಅಮ್ಮ ಒಂದನ್ನೂ ಡ್ಯಾಮೇಜೆಂದು ತೆಗೆದಿಡಲಿಲ್ಲ.

ಅಮ್ಮ 2009ರವರೆಗೆ ಹೊಸೆದಳು. ಮಂಡಿ ಮಡಚಲಾಗದೆ ನಿಲ್ಲಿಸಿದಳು. ಆ ಹೊತ್ತಿಗಾಗಲೇ ಯಂತ್ರಗಳು ಬಂದಿದ್ದವು. 2011ರಲ್ಲಿ ಆಮದು ಸುಂಕ ಇಳಿದ ಮೇಲೆ ವಿಯೆಟ್ನಾಂ, ಚೀನಾಗಳಿಂದ ಹಸಿ ಕಡ್ಡಿಯೂ ದುಂಡನೆಯ ಬಿದಿರು ಕಡ್ಡಿಯೂ ರಾಶಿರಾಶಿ ಬಂದು ಬಿದ್ದವು. ಇಲ್ಲಿ ಸೆಂಟು ಹಾಕಿ ಪೊಟ್ಟಣ ಕಟ್ಟಿದರಾಯಿತು. ಮೊಹಲ್ಲಾದ ಮಣೆಗಳು ಒಂದೊಂದಾಗಿ ಅಟ್ಟ ಸೇರಿದವು. 2019ರ ಆಗಸ್ಟ್ 31ರಂದು ಕೇಂದ್ರ ಸರ್ಕಾರ ಊದುಬತ್ತಿಯ ಆಮದಿಗೆ ಕಡಿವಾಣ ಹಾಕಿತು. 2020ರಲ್ಲಿ ಬಿದಿರು ಕಡ್ಡಿಯ ಸುಂಕವನ್ನು ಶೇಕಡ 10ರಿಂದ 25ಕ್ಕೆ ಏರಿಸಿತು. ಕಡ್ಡಿಯ ಕೆಲಸ ದೇಶಕ್ಕೆ ಹಿಂದಿರುಗಿತು, ಆದರೆ ಬಹುಪಾಲು ಯಂತ್ರದ ಬಾಯಿಗೆ. ಕೈಯಲ್ಲಿ ಹೊಸೆಯುವ ಮುದುಕಿಯರು ಈಗ ಅಲ್ಲೊಬ್ಬರು ಇಲ್ಲೊಬ್ಬರು. ಅದಕ್ಕಾಗಿ ನಾನು ಅಳುವವಳಲ್ಲ. ನನ್ನ ಮಗಳು ಆ ದೂಳಿನಲ್ಲಿ ಕೂರಲಿಲ್ಲವಲ್ಲ ಎಂದು ಸಮಾಧಾನವೇ ಆಗುತ್ತದೆ. ನನ್ನ ಕೊರಗು ಬೇರೆ.

1981ರಲ್ಲಿ ಜನಗಣತಿಯವರು ನಮ್ಮ ಮನೆಗೆ ಬಂದಿದ್ದರು. ಅಮ್ಮ ಅವರೆದುರೇ ಹೊಸೆಯುತ್ತಿದ್ದಳು. “ನಿಮ್ಮ ಮನೆಯವರು ಏನು ಮಾಡ್ತಾರೆ?” ಎಂದು ಅವರು ಕೇಳಿದರು. ಅಪ್ಪ, “ಮನೇಲೇ ಇರ್ತಾರೆ” ಎಂದರು. ಅಮ್ಮನೂ ಹೌದೆಂದು ತಲೆಯಾಡಿಸಿದಳು, ಕೈ ಮಾತ್ರ ನಿಲ್ಲಲಿಲ್ಲ. ಹೇಳಿದ್ದನ್ನು ಅವರು ಬರೆದುಕೊಂಡು ಹೋದರು. ನಮ್ಮ ಜನಗಣತಿಯಲ್ಲಿ 1961ರಿಂದಲೇ ‘ಗೃಹ ಕೈಗಾರಿಕೆ’ ಎಂಬ ಪ್ರತ್ಯೇಕ ವಿಭಾಗವಿತ್ತೆಂದು ನಾನು ಓದಿ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಅಂದರೆ ಅಮ್ಮನಿಗೆಂದೇ ಒಂದು ಜಾಗ ಸಿದ್ಧವಾಗಿತ್ತು. ಅದು ಖಾಲಿ ಉಳಿದದ್ದು ನಮ್ಮ ಮನೆಯವರ ಬಾಯಿಂದಲೇ. ಮನೆಯಲ್ಲಿ ಮಾಡುವ ದುಡಿಮೆಗೂ ಹೊರಗಿನ ದುಡಿಮೆಗೂ ಸಮಾನ ಮರ್ಯಾದೆ ಸಲ್ಲಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1996ರಲ್ಲಿ ಒಂದು ಒಪ್ಪಂದವನ್ನೇ ಮಾಡಿತು. ಭಾರತ ಅದಕ್ಕೆ ಇನ್ನೂ ಸಹಿ ಹಾಕಿಲ್ಲ. ಆ ಸಹಿ ಹಾಕಿಸುವುದು ನಮ್ಮ ನಿಮ್ಮ ಕೈಯಲ್ಲಿಲ್ಲದಿರಬಹುದು. ಆದರೆ ಬಾಗಿಲಿಗೆ ಬಂದವರಿಗೆ ಉತ್ತರ ಹೇಳುವುದು ನಮ್ಮ ಕೈಯಲ್ಲೇ ಇದೆ.

ನೀವು ಹಪ್ಪಳ ಒತ್ತುವವರಿರಬಹುದು, ಸೀರೆಗೆ ಫಾಲ್ ಹಾಕುವವರಿರಬಹುದು, ಮೊಳದ ಲೆಕ್ಕದಲ್ಲಿ ಹೂ ಕಟ್ಟುವವರಿರಬಹುದು. ಮುಂದಿನ ಸಲ ಗಣತಿಯವರು ಬಂದಾಗ ಒಳಗಿನಿಂದ ಯಾರಾದರೂ “ಮನೇಲೇ ಇರ್ತಾಳೆ” ಎಂದರೆ, ಕೈಲಿರುವ ಕೆಲಸ ಕೆಳಗಿಟ್ಟು ಬಾಗಿಲಿಗೆ ಬನ್ನಿ. ದಿನಕ್ಕೆ ಎಷ್ಟು ಮಾಡುತ್ತೀರಿ ಎಂಬುದನ್ನು ನೀವೇ ಹೇಳಿ, ಅವರು ಬರೆದುಕೊಳ್ಳುವವರೆಗೂ ಅಲ್ಲೇ ನಿಂತಿರಿ.