ಅವಳ ಪರ ನಿಲ್ಲುವ ಕೆಲಸ

ಗಂಡ ಹೊಡೆದನೆಂದು ಹೆಂಗಸೊಬ್ಬಳು ಠಾಣೆಗೆ ಹೋದರೆ ನಮ್ಮಲ್ಲಿ ಸಾಮಾನ್ಯವಾಗಿ ಮೊದಲು ಹುಟ್ಟುವ ಕಾಗದ ಎಫ್‌ಐಆರ್ ಅಲ್ಲ, ಮುಚ್ಚಳಿಕೆ. ಇನ್ನು ಕೈ ಎತ್ತುವುದಿಲ್ಲ ಎಂದು ಅವನು ಬರೆದುಕೊಡುತ್ತಾನೆ, ಹೊಂದಿಕೊಂಡು ಹೋಗುತ್ತೇನೆ ಎಂದು ಅವಳು ಬರೆದುಕೊಡುತ್ತಾಳೆ. ಆಮೇಲೆ ಇಬ್ಬರೂ ಒಂದೇ ಬಸ್ಸು ಹತ್ತಿ ಊರಿಗೆ ಹೋಗುತ್ತಾರೆ. ಏಟು ತಿಂದವಳೂ ಒಂದು ತಪ್ಪೊಪ್ಪಿಗೆಗೆ ಸಹಿ ಹಾಕಿದ್ದಾಳೆ ಎಂಬುದು ಅಲ್ಲಿದ್ದ ಯಾರಿಗೂ ವಿಚಿತ್ರವೆನಿಸುವುದಿಲ್ಲ. ಕೌಟುಂಬಿಕ ದೌರ್ಜನ್ಯಕ್ಕೆ ಸಿಕ್ಕಿದವರಿಗೆ ಆಸರೆಯಾಗುವ ಕೆಲಸ ಬೆಳೆದು ಬಂದ ಬಗೆಯನ್ನು ಈ ಮುಚ್ಚಳಿಕೆಯನ್ನು ಎದುರಿಗಿಟ್ಟುಕೊಂಡೇ ನೋಡಬೇಕು. ಗಂಡ ಹೆಂಡಿರ ನಡುವೆ ಕೂತ ಮೂರನೆಯವರು ಯಾರ ಪರ? ಸಂಸಾರದ ಪರವೋ, ಅವಳ ಪರವೋ?

ನೊಂದ ಹೆಣ್ಣಿಗೆ ನೆಲೆ ಕೊಡುವುದು ನಮಗೆ ಹೊಸತೇನಲ್ಲ. ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ 1889ರಲ್ಲೇ ಮುಂಬಯಿಯಲ್ಲಿ ಶಾರದಾ ಸದನ ತೆರೆದರು. ಅದು ವಿಧವೆಯರಿಗಾಗಿ. ಗಂಡ ತೀರಿಹೋದವಳಿಗೆ ಮನೆ ಬೇಕು ಎಂಬುದನ್ನು ಸಮಾಜ ಗೊಣಗುತ್ತಲಾದರೂ ಒಪ್ಪೀತು. ಗಂಡ ಬದುಕಿರುವವಳಿಗೂ ಬೇಕು ಎಂದು ಒಪ್ಪಲು ಇನ್ನೊಂದು ಶತಮಾನ ಹಿಡಿಯಿತು. ಸ್ವಾತಂತ್ರ್ಯಾನಂತರ ರಾಜ್ಯ ಮಹಿಳಾ ನಿಲಯ, ಸ್ವೀಕಾರ ಕೇಂದ್ರಗಳು ಬಂದವು. 1969ರಲ್ಲಿ ಕೇಂದ್ರ ಸರ್ಕಾರ ಅಲ್ಪಾವಧಿ ವಸತಿ ಗೃಹಗಳ ಯೋಜನೆ ತಂದಿತು. ‘ಸಾಮಾಜಿಕ ಮತ್ತು ನೈತಿಕ ಅಪಾಯ’ದಲ್ಲಿರುವ ಹೆಂಗಸರು ಅದರ ಫಲಾನುಭವಿಗಳು. ಅಪಾಯ ಯಾರಿಂದ ಎಂಬುದನ್ನು ಮಾತ್ರ ಹೇಳದೆ ಬಿಟ್ಟಂತಿತ್ತು.

ಅದನ್ನು ಬಾಯಿಬಿಟ್ಟು ಹೇಳಿದ್ದು 1970ರ ದಶಕ. 1971ರಲ್ಲಿ ಎರಿನ್ ಪಿಜ್ಜಿ ಲಂಡನ್ನಿನ ಚಿಸ್ವಿಕ್‌ನಲ್ಲಿ ತೆರೆದ ಮನೆ ಹೊಡೆತ ತಪ್ಪಿಸಿಕೊಂಡು ಬಂದವರಿಂದ ತುಂಬಿಹೋಯಿತು. ಅಮೆರಿಕದ ಮಿನ್ನೆಸೋಟದ ಸೇಂಟ್ ಪಾಲ್‌ನಲ್ಲಿ ‘ವಿಮೆನ್ಸ್ ಅಡ್ವೊಕೇಟ್ಸ್’ ಎಂಬ ಗುಂಪು 1972ರಲ್ಲಿ ಒಂದು ಫೋನ್ ಇಟ್ಟುಕೊಂಡು ಕೆಲಸ ಶುರುಮಾಡಿತು. 1974ರಲ್ಲಿ ಆಶ್ರಯಮನೆ ತೆರೆಯಿತು. ಇವರು ಕರಿಕೋಟಿನ ವಕೀಲರಲ್ಲ. ಪೊಲೀಸರ ಮುಂದೆ, ಆಸ್ಪತ್ರೆಯಲ್ಲಿ, ಕೋರ್ಟಿನ ಮೊಗಸಾಲೆಯಲ್ಲಿ ಅವಳ ಪಕ್ಕ ನಿಲ್ಲುವವರು. 1980ರ ದಶಕದಲ್ಲಿ ಅದೇ ರಾಜ್ಯದ ಡುಲುತ್ ಊರಿನ ಕಾರ್ಯಕರ್ತೆಯರು ಹಿಂಸೆಯೆಂದರೆ ಸಿಟ್ಟಿನ ಸ್ಫೋಟವಲ್ಲ, ದುಡ್ಡು, ಮಕ್ಕಳು, ಬೆದರಿಕೆ ಎಲ್ಲವನ್ನೂ ಬಳಸಿ ನಡೆಸುವ ಹತೋಟಿ ಎಂದು ಚಕ್ರದಾಕಾರದ ಚಿತ್ರವೊಂದರಲ್ಲಿ ತೋರಿಸಿದರು. ಇದನ್ನು ಒಪ್ಪಿದ ಮೇಲೆ ‘ಸ್ವಲ್ಪ ತಾಳ್ಮೆ ಇರಲಿ’ ಎಂಬ ಬುದ್ಧಿಮಾತಿಗೆ ಅರ್ಥ ಉಳಿಯುವುದಿಲ್ಲ.

ನಮ್ಮಲ್ಲಿ ಈ ಕೆಲಸ ಶುರುವಾದದ್ದು ಸಾವಿನಿಂದ. 1979–80ರಲ್ಲಿ ದೆಹಲಿಯ ಬೀದಿಗಳಲ್ಲಿ ವರದಕ್ಷಿಣೆ ಸಾವುಗಳ ವಿರುದ್ಧ ಎದ್ದ ದನಿಯಿಂದ 1983ರಲ್ಲಿ ಭಾರತೀಯ ದಂಡ ಸಂಹಿತೆಗೆ ಗಂಡನ ಮನೆಯವರ ಕ್ರೌರ್ಯವನ್ನು ಅಪರಾಧವಾಗಿಸುವ 498ಎ, 1986ರಲ್ಲಿ ವರದಕ್ಷಿಣೆ ಸಾವಿನ 304ಬಿ ಕಲಮುಗಳು ಬಂದವು. ಬೆಂಗಳೂರಿನಲ್ಲಿ 1979ರಲ್ಲಿ ಹುಟ್ಟಿದ ವಿಮೋಚನಾ ಸಂಘಟನೆಯವರು ಮುಂದೆ ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯಗಳ ವಾರ್ಡಿಗೆ ಹೋಗತೊಡಗಿದರು. ಸ್ಟೌ ಸಿಡಿಯಿತು, ಸೆರಗಿಗೆ ಬೆಂಕಿ ತಗುಲಿತು ಎಂದೇ ಹೇಳಿಕೆಗಳು. ಗಂಡನ ಮನೆಯವರು ಮಂಚದ ಸುತ್ತ ನಿಂತಿರುವಾಗ, ಮನೆಯಲ್ಲಿ ಮಕ್ಕಳನ್ನು ಬಿಟ್ಟು ಬಂದವಳು ಬೇರೇನು ಹೇಳಿಯಾಳು? ಆಕಸ್ಮಿಕವೆಂದು ಮುಚ್ಚಿಹೋಗುತ್ತಿದ್ದ ಕಡತಗಳನ್ನು ಮತ್ತೆ ಬಿಚ್ಚಿಸಲು ಈ ಹೆಂಗಸರು ವರ್ಷಗಟ್ಟಲೆ ಓಡಾಡಿದರು. ಕರ್ನಾಟಕದಲ್ಲಿ ಈ ವೃತ್ತಿಯ ನಿಜವಾದ ಶಾಲೆ ಆ ವಾರ್ಡೇ ಎಂದು ನನಗನ್ನಿಸುತ್ತದೆ. ಅವಳ ಮಾತನ್ನು ಯಾರ ಎದುರಿಗೆ ಕೇಳಬೇಕು, ಯಾರನ್ನು ಹೊರಗೆ ಕಳಿಸಿ ಕೇಳಬೇಕು ಎಂಬ ಮೊದಲ ಪಾಠ ಅಲ್ಲಿಯದು.

ಪೊಲೀಸ್ ಇಲಾಖೆಯ ಒಳಗೇ ಕೂತು ಕೆಲಸ ಮಾಡುವುದು ಇನ್ನೊಂದು ದಾರಿ. 1984ರಲ್ಲಿ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಮುಂಬಯಿ ಪೊಲೀಸ್ ಕಮಿಷನರ್ ಕಚೇರಿಯಲ್ಲಿ ವಿಶೇಷ ಘಟಕ ತೆರೆದು, ತರಬೇತಾದ ಸಮಾಜ ಕಾರ್ಯಕರ್ತರನ್ನು ಅಲ್ಲಿ ಕೂರಿಸಿತು. ನಮ್ಮಲ್ಲಿ ಬೆಂಗಳೂರು ಪೊಲೀಸರ ವನಿತಾ ಸಹಾಯವಾಣಿ, ತಾಲ್ಲೂಕುಗಳ ಸಾಂತ್ವನ ಕೇಂದ್ರಗಳು ಬಂದವು. 1989ರಲ್ಲಿ ಆರಂಭವಾದ ಮಹಿಳಾ ಸಮಖ್ಯಾ ಕಾರ್ಯಕ್ರಮದ ಸಂಘಗಳು ಹಳ್ಳಿಗಳಲ್ಲಿ ನಾರಿ ಅದಾಲತ್ ಎಂಬ ಹೆಂಗಸರದೇ ನ್ಯಾಯಪಂಚಾಯ್ತಿ ನಡೆಸಿದವು. ಸಹಾಯವಾಣಿ, ಸಾಂತ್ವನ ಕೇಂದ್ರಗಳ ಒಳಿತು ಸಣ್ಣದಲ್ಲ. ಆದರೆ ಎಷ್ಟು ಜೋಡಿ ರಾಜಿಯಾದವು ಎಂಬುದೇ ಅಲ್ಲೂ ಯಶಸ್ಸಿನ ಅಳತೆಗೋಲಾಗಿ ನುಸುಳಿತು. ವಾಪಸು ಹೋದವಳು ಆಮೇಲೆ ಹೇಗಿದ್ದಾಳೆಂದು ಅಳೆಯುವ ಕೋಲು ಯಾರ ಕೈಯಲ್ಲೂ ಇರಲಿಲ್ಲ.

2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣೆ ಕಾಯ್ದೆ, ಕಾಗದದ ಮಟ್ಟಿಗಾದರೂ, ಈ ಅಳತೆಯನ್ನು ಬದಲಿಸಿತು. ವಕೀಲೆ ಇಂದಿರಾ ಜೈಸಿಂಗ್ ಮತ್ತು ಲಾಯರ್ಸ್ ಕಲೆಕ್ಟಿವ್ ಗೆಳೆಯರ ದೀರ್ಘ ದುಡಿಮೆ ಅದರ ಹಿಂದಿದೆ. 2006ರ ಅಕ್ಟೋಬರ್ 26ರಂದು ಅದು ಜಾರಿಗೆ ಬಂತು. ಗಂಡನನ್ನು ಜೈಲಿಗೆ ಕಳಿಸುವುದೊಂದೇ ದಾರಿ ಎಂಬ ಸ್ಥಿತಿ ಹೋಗಿ, ಮನೆಯಲ್ಲಿ ಇರುವ ಹಕ್ಕು, ಹತ್ತಿರ ಬರಬಾರದೆಂಬ ಆದೇಶ, ಹಣ, ಮಕ್ಕಳ ಸುಪರ್ದಿ ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ಮ್ಯಾಜಿಸ್ಟ್ರೇಟರ ಮುಂದೆ ಕೇಳುವಂತಾಯಿತು. ಮೊದಲ ವಿಚಾರಣೆಯಾದ 60 ದಿನದೊಳಗೆ ಅರ್ಜಿ ಇತ್ಯರ್ಥಕ್ಕೆ ಪ್ರಯತ್ನಿಸಬೇಕು ಎಂದೂ ಅದರಲ್ಲಿದೆ. ಕೋರ್ಟು ಕಂಡವರು ಈ ಸಾಲು ಓದಿ ನಕ್ಕಾರು.

ಕಾಯ್ದೆಗಿಂತ ಅದರ ನಿಯಮಗಳು ನನಗೆ ಹೆಚ್ಚು ಪ್ರಿಯ. 14ನೇ ನಿಯಮದ ಪ್ರಕಾರ ಸಮಾಲೋಚನೆಯಲ್ಲಿ ಗಂಡ ತನ್ನ ಹೊಡೆತಕ್ಕೆ ಸಮರ್ಥನೆ ಕೊಡುವಂತಿಲ್ಲ, ಹಾಗೆಂದು ಮೊದಲೇ ಅವನಿಗೆ ತಿಳಿಸಬೇಕು. ‘ಸಾರು ಉಪ್ಪಾಗಿತ್ತು ಸಾರ್’ ಎಂದು ಮಾತು ಶುರುಮಾಡಲು ಅವಕಾಶವೇ ಇಲ್ಲ! ಮುಚ್ಚಳಿಕೆಯ ಸಂಪ್ರದಾಯಕ್ಕೆ ಇದು ನೇರ ಉತ್ತರ. 16ನೇ ನಿಯಮದ ಪ್ರಕಾರ ದೂರಿನ ವರದಿ ಆಗಿಲ್ಲ ಎಂಬ ನೆಪ ಹೇಳಿ ಆಶ್ರಯಮನೆ ಬಾಗಿಲು ಹಾಕುವಂತಿಲ್ಲ; ಅವಳು ಬಯಸಿದರೆ ಅಲ್ಲಿರುವ ವಿಷಯವನ್ನು ಹೊರಗೆ ಬಿಡುವಂತಿಲ್ಲ.

ಇದನ್ನೆಲ್ಲ ನಡೆಸಬೇಕಾದವರು ಸಂರಕ್ಷಣಾಧಿಕಾರಿಗಳು. ಕರ್ನಾಟಕ ಆ ಹೊಣೆಯನ್ನು ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೆ (ಸಿಡಿಪಿಒ) ಹೆಚ್ಚುವರಿಯಾಗಿ ವಹಿಸಿತು. ಅಂಗನವಾಡಿಯ ಮೊಟ್ಟೆ, ಕಟ್ಟಡ, ನೇಮಕಾತಿಗಳ ನಡುವೆ ಈ ಕೆಲಸಕ್ಕೆ ಎಷ್ಟು ಹೊತ್ತು ಸಿಕ್ಕೀತು? 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು, ಕನ್ನಡಿಗರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠದಲ್ಲಿ, ಸಂರಕ್ಷಣಾಧಿಕಾರಿಗಳನ್ನು ಗುರುತಿಸಿ ನೇಮಿಸಿ ಎಂದು ರಾಜ್ಯಗಳಿಗೆ ಮತ್ತೆ ಹೇಳಬೇಕಾಗಿ ಬಂತು. ಕಾಯ್ದೆಗೆ ಆಗ ಇಪ್ಪತ್ತರ ಹತ್ತಿರ.

ಆಶ್ರಯಮನೆಗಳ ಹೆಸರು ಈ ನಡುವೆ ಬದಲಾಗುತ್ತಲೇ ಹೋಯಿತು: ಸ್ವಾಧಾರ, ಸ್ವಾಧಾರ ಗೃಹ, ಈಗ ಶಕ್ತಿ ಸದನ. ನಿರ್ಭಯಾ ಪ್ರಕರಣದ ಬಳಿಕ, 2015ರಿಂದ, ‘ಸಖಿ’ ಒನ್ ಸ್ಟಾಪ್ ಸೆಂಟರ್‌ಗಳು ಬಂದವು, ಮೊದಲನೆಯದು ರಾಯಪುರದಲ್ಲಿ. ಪೊಲೀಸ್, ವೈದ್ಯಕೀಯ, ಕಾನೂನು ನೆರವು ಒಂದೇ ಸೂರಿನಡಿ, ಜೊತೆಗೆ ಐದು ದಿನದವರೆಗೆ ತಂಗಲು ಜಾಗ. ಸ್ವಾಧಾರ ಗೃಹದಲ್ಲಿ ಕೌಟುಂಬಿಕ ದೌರ್ಜನ್ಯಕ್ಕೆ ಸಿಕ್ಕಿದವರಿಗೆ ಒಂದು ವರ್ಷದವರೆಗೆ ಇರಲು ಅವಕಾಶವಿತ್ತು. ಎಂಟು ದಾಟಿದ ಗಂಡುಮಗನನ್ನು ಮಾತ್ರ ಬಾಲಮಂದಿರಕ್ಕೆ ಕಳಿಸಬೇಕೆಂಬುದು ಅಲ್ಲಿಯ ನಿಯಮವಾಗಿತ್ತು. ಒಂಬತ್ತು ವರ್ಷದ ಮಗನಿರುವ ತಾಯಿ ಬಾಗಿಲಿನಿಂದಲೇ ಹಿಂದಿರುಗಿದ್ದರೆ ಆಶ್ಚರ್ಯವೇನು?

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ-5ರ (2019–21) ಪ್ರಕಾರ ಮದುವೆಯಾದ 18ರಿಂದ 49ರ ವಯಸ್ಸಿನ ಹೆಂಗಸರಲ್ಲಿ ಗಂಡನಿಂದ ಹಿಂಸೆ ಕಂಡವರು ಕರ್ನಾಟಕದಲ್ಲಿ ಶೇ 44.4, ಹಿಂದಿನ ಸಮೀಕ್ಷೆಯಲ್ಲಿ ಇದು ಶೇ 20.6 ಇತ್ತು. ಹಿಂಸೆಯೇ ಇಮ್ಮಡಿಯಾಯಿತೋ, ಹೇಳುವ ಧೈರ್ಯ ಹೆಚ್ಚಿತೋ ಎಂದು ಅಂಕಿಯೊಂದರಿಂದ ತೀರ್ಮಾನಿಸುವುದು ದುಡುಕು. ದೇಶದ ಲೆಕ್ಕದಲ್ಲಿ ಹಿಂಸೆ ಕಂಡವರ ಪೈಕಿ ನೆರವು ಕೇಳಿದವರು ಶೇ 14 ಮಾತ್ರ.

ಹಾಗೆ ಕೇಳಿಕೊಂಡು ಬಂದವಳ ಜೊತೆ ಆಶ್ರಯಮನೆಯ ಕಾರ್ಯಕರ್ತೆ ಮಾಡುವ ಕೆಲಸದಲ್ಲಿ ಕಣ್ಣೀರು ಒರೆಸುವುದು ಸಣ್ಣ ಪಾಲು. ಅವಳ ಫೋನಿನಲ್ಲಿ ಲೊಕೇಶನ್ ಆಫ್ ಆಗಿದೆಯೇ, ಮಕ್ಕಳ ಟಿಸಿ ತರುವುದು ಹೇಗೆ, ಒಡವೆ ಯಾರ ಬೀರುವಿನಲ್ಲಿದೆ, ಕೋರ್ಟಿನ ದಿನ ಯಾವ ಬಾಗಿಲಿಂದ ಹೊರಡಬೇಕು — ಇವೇ ದಿನದ ಪ್ರಶ್ನೆಗಳು. ಅವಳು ಗಂಡನ ಮನೆಗೇ ವಾಪಸು ಹೊರಟರೆ ಬೈಯದೆ ಫೋನ್ ನಂಬರ್ ಕೊಟ್ಟು ಕಳಿಸುವುದೂ ಕೆಲಸವೇ. ಮತ್ತೆ ಬರುವವರು ಬಹಳ. ಇಷ್ಟಾದರೂ ವಕೀಲರಿಗಿರುವಂತೆ ಇವರ ಮಾತುಕತೆಗೆ ಕಾನೂನಿನ ಗೋಪ್ಯತೆಯ ಕವಚವಿಲ್ಲ.

ಈಚಿನ ಸರ್ಕಾರಿ ಯೋಜನೆಗಳು ಅವರ ಕೆಲಸಕ್ಕೆ ಹೊಸ ತಿರುವು ಕೊಟ್ಟಿವೆ. 2023ರ ಶಕ್ತಿ ಯೋಜನೆಯ ಉಚಿತ ಪ್ರಯಾಣದಿಂದ ಕೋರ್ಟಿಗೆ ಓಡಾಡುವ ಬಸ್ ಖರ್ಚು ಉಳಿಯಿತು, ಆದರೆ ಗುರುತಿನ ಚೀಟಿ ಕೈಯಲ್ಲಿರಬೇಕು. ಉಟ್ಟ ಬಟ್ಟೆಯಲ್ಲಿ ಹೊರಬಂದವಳ ಆಧಾರ್ ಮನೆಯಲ್ಲೇ ಉಳಿದಿರುತ್ತದೆ. ಗೃಹಲಕ್ಷ್ಮಿಯ ತಿಂಗಳ 2000 ರೂಪಾಯಿ ಪಡಿತರ ಚೀಟಿಯಲ್ಲಿ ಯಜಮಾನಿ ಎಂದಿರುವವರಿಗೆ. ಕೂಡುಮನೆಯ ಸೊಸೆಗೆ ಅಲ್ಲಿ ಯಜಮಾನಿ ಅತ್ತೆ. ಚೀಟಿಯಿಂದ ಹೆಸರು ತೆಗೆಸಿ ಹೊಸದು ಮಾಡಿಸಲು ಹೊಸ ವಿಳಾಸದ ದಾಖಲೆ ಬೇಕು. ಅವಳಿರುವ ವಿಳಾಸವನ್ನೋ, 16ನೇ ನಿಯಮದಂತೆ, ಗಂಡನಿಗೆ ಗೊತ್ತಾಗದ ಹಾಗೆ ಮುಚ್ಚಿಟ್ಟಿರುತ್ತಾರೆ.